ತ್ರಿಜ್ಯದೊಳಗೆ ಕೂತಿರುವ ಸೈನ್

ಸಂಜೆಗತ್ತಲಲ್ಲಿ ಸೈಕಲ್ಲೊಂದರ ಹಿಂದೆ ಹೋಗುವಾಗ ಅದರ ಪೆಡಲ್ಲಿನ ರಿಫ್ಲೆಕ್ಟರನ್ನು ನೋಡಿ. ತುಳಿಯುವವರ ಪಾದ ವೃತ್ತ ಸುತ್ತುತ್ತಿರುತ್ತದೆ, ಹಿಂದಿರುವ ನಮಗೆ ಮಾತ್ರ ಹಳದಿ ಚುಕ್ಕಿಯೊಂದು ಮೇಲೆ ಕೆಳಗೆ ಆಡಿದಂತೆ ಕಾಣುತ್ತದೆ. ಅದು ಎರಡೂ ತುದಿಗಳಲ್ಲಿ ತುಸು ತಡೆದು, ನಡುವೆ ಸರ್ರನೆ ದಾಟುತ್ತದೆ. ಆ ಏರಿಳಿತವೇ ಸೈನ್.

ಸೈನ್ ಎಂದರೆ ಲಂಬಕೋನ ತ್ರಿಭುಜ, ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸು ಎಂದು ಬಾಯಿಪಾಠ ಮಾಡಿಸಿ ಮುಂದೆ ಹೋಗಿಬಿಡುತ್ತಾರಲ್ಲ, ಅದು ನನಗೆ ನಿಜಕ್ಕೂ ಸಂಕಟ. ತ್ರಿಭುಜದ ಆಟ 90 ಡಿಗ್ರಿ ಮುಟ್ಟುವ ಮೊದಲೇ ಮುಗಿಯುತ್ತದೆ. 200 ಡಿಗ್ರಿಗೂ ಸೈನ್ ಇದೆ, ಅದು ಋಣಸಂಖ್ಯೆ ಎಂದಾಗ ಮಕ್ಕಳು ಕಂಗಾಲಾಗುವುದು ಸಹಜ. ವೃತ್ತ ತೋರಿಸಿದ್ದರೆ ಒಂದೇ ಮಾತು ಸಾಕಿತ್ತು: ಪೆಡಲ್ ಅಚ್ಚಿಗಿಂತ ಕೆಳಗಿಳಿದಿದೆ.

ಜಾತ್ರೆಯ ಜಯಂಟ್ ವೀಲ್ ಹತ್ತಿ. ತ್ರಿಜ್ಯ 10 ಮೀಟರ್, ಸುತ್ತಿಗೆ 36 ಸೆಕೆಂಡ್ ಅಂದುಕೊಳ್ಳಿ. ಸೆಕೆಂಡಿಗೆ 10 ಡಿಗ್ರಿ. ಮೇಲೇರುತ್ತ ಅಚ್ಚಿನ ಮಟ್ಟ ದಾಟಿದ ಕ್ಷಣದಿಂದ ಎಣಿಸಿ. 3 ಸೆಕೆಂಡಿಗೆ 30 ಡಿಗ್ರಿ, ಅದರ ಸೈನ್ ಅರ್ಧ, ಹಾಗಾಗಿ 5 ಮೀಟರ್ ಏರಿದಿರಿ. ಉಳಿದ 5 ಮೀಟರಿಗೆ 6 ಸೆಕೆಂಡ್ ಬೇಕು! ಚಕ್ರ ನಿಧಾನವಾಗಿಲ್ಲ. ನೆತ್ತಿ ಹತ್ತಿರವಾದಂತೆ ನಿಮ್ಮ ಓಟವೆಲ್ಲ ಅಡ್ಡಕ್ಕೆ ತಿರುಗುತ್ತದೆ. ಅಡ್ಡಕ್ಕೆ ಎಲ್ಲಿದ್ದೀರಿ ಎಂಬ ಲೆಕ್ಕ ಕೊಸೈನ್‌ನದು.

ಇದು ವೃತ್ತದ ಕೂಸೆಂಬುದಕ್ಕೆ ಹೆಸರೇ ಸಾಕ್ಷಿ. ಆರ್ಯಭಟ ಇದನ್ನು 'ಜ್ಯಾ' ಎಂದ, ಅಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವೇ ಬಿಲ್ಲು, ಅದರ ಎರಡು ತುದಿಗಳನ್ನು ಬಿಗಿದದ್ದು ಹೆದೆ, ಅವನು ಲೆಕ್ಕ ಹಾಕಿದ್ದು ಆ ಹೆದೆಯ ಅರ್ಧ. ಅವನ 24 ಮೌಲ್ಯಗಳ ಕೋಷ್ಟಕದಲ್ಲಿ ತ್ರಿಜ್ಯ 3,438 ಕಲೆ (ಡಿಗ್ರಿಯ ಅರವತ್ತನೇ ಒಂದು ಭಾಗವೇ ಕಲೆ). 30 ಡಿಗ್ರಿಗೆ ಜ್ಯಾ 1,719, ಸರಿಯಾಗಿ ಅರ್ಧ. ಅರಬ್ಬರ ಕೈಯಲ್ಲಿ ಅದು 'ಜಿಬ' ಆಯಿತು. ಸ್ವರಗಳಿಲ್ಲದೆ ಬರೆದದ್ದನ್ನು 'ಜೈಬ್' ಎಂದು ಓದಿದರು, ಅಂಗಿಯ ಎದೆಮಡಿಕೆ ಎಂಬರ್ಥದಲ್ಲಿ. ನಮ್ಮ ಜೇಬೂ ಅದೇ ಪದ. ಅದನ್ನು ಲ್ಯಾಟಿನ್ನಿಗೆ ಒಯ್ದವರು ಮಡಿಕೆಯನ್ನು 'ಸೈನಸ್' ಎಂದು ಅನುವಾದಿಸಿದರು.

ಇನ್ನು 'ತ್ರಿಜ್ಯ'. ಮೂರು ರಾಶಿಗಳ ಜ್ಯಾ ಎಂದು ಅದರರ್ಥ. ರಾಶಿಗೆ 30ರಂತೆ ಮೂರಕ್ಕೆ 90 ಡಿಗ್ರಿ. ಅಲ್ಲಿ ಜ್ಯಾ ಬೆಳೆದು ಕೇಂದ್ರದಿಂದ ಪರಿಧಿಯವರೆಗಿನ ಪೂರ್ತಿ ಉದ್ದವೇ ಆಗುತ್ತದೆ. ಕನ್ನಡದ ಮಗು ವೃತ್ತ ಎಳೆದಾಗಲೆಲ್ಲ ಸೈನ್ ಹೆಸರನ್ನು ಬರೆಯುತ್ತಲೇ ಇರುತ್ತದೆ, ಯಾರೂ ಹೇಳಿಕೊಡುವುದಿಲ್ಲ!

1610ರ ಜನವರಿಯಲ್ಲಿ ಗೆಲಿಲಿಯೊ ಕಂಡದ್ದೂ ಪೆಡಲ್ ಚುಕ್ಕಿಯಂಥ ನೋಟವೇ: ಗುರುಗ್ರಹದ ಆಚೀಚೆ ಒಂದೇ ಸಾಲಿನಲ್ಲಿ ಸರಿದಾಡುವ ಬೆಳಕಿನ ಬಿಂದುಗಳು. ಅವು ಸುತ್ತುತ್ತಿವೆ, ನಾವು ಆ ಸುತ್ತನ್ನು ಅಂಚಿನಿಂದ ನೋಡುತ್ತಿದ್ದೇವೆ ಎಂದು ಅವನಿಗೆ ಹೊಳೆಯಿತು. ಅವು ಗುರುವಿನ ಚಂದ್ರರು. ಅವುಗಳಲ್ಲಿ ಗ್ಯಾನಿಮೀಡ್ ಎಂಬುದಕ್ಕೆ ಒಂದು ಸುತ್ತಿಗೆ ಏಳು ದಿನ ಮತ್ತು ಕೆಲವು ಗಂಟೆ. ಸಣ್ಣ ದೂರದರ್ಶಕವಿದ್ದರೆ ರಾತ್ರಿಗೊಮ್ಮೆ ಗುರುವಿನಿಂದ ಅದರ ದೂರವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ, ಒಂದು ಬದಿಗಿದ್ದರೆ ನಡುಗೆರೆಯ ಮೇಲೆ, ಇನ್ನೊಂದು ಬದಿಗಿದ್ದರೆ ಕೆಳಗೆ. ಎರಡು ವಾರಕ್ಕೆ ಎರಡು ಅಲೆ.