ಎರಡು ಸಹಿ ಹೊಂದುತ್ತಿಲ್ಲ, ಹಾಗಾದರೆ ನಕಲಿಯೇ?

ಪ್ರಶ್ನೆ: "ಸರ್, ಅಮೆರಿಕನ್ ಫುಟ್‌ಬಾಲ್ ಆಟಗಾರರ ಫೋಟೋ ಇರುವ ಕಾರ್ಡ್‌ಗಳನ್ನು ನಿವೃತ್ತ ಆಟಗಾರರ ಮನೆಗೆ ಅಂಚೆಯಲ್ಲಿ ಕಳಿಸಿ ಆಟೋಗ್ರಾಫ್ ಹಾಕಿಸಿಕೊಳ್ಳುತ್ತೀರಲ್ಲ, ಅದು ನಿಜವಾಗಿ ಅವರದೇ ಸಹಿನಾ? ಮೆಷಿನ್‌ನಲ್ಲಿ ಹಾಕಿಸ್ತಾರಂತೆ. ನನ್ನ ಹತ್ತಿರ ಒಬ್ಬರದೇ ಎರಡು ಕಾರ್ಡ್ ಇವೆ. ಎರಡರ ಸಹಿಯೂ ಮ್ಯಾಚೇ ಆಗ್ತಿಲ್ಲ."

ಉತ್ತರ: ಆಗುತ್ತಿಲ್ಲವೇ? ಸಂತೋಷಪಡಿ.

ಇದನ್ನು ನಾನು ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆ ಮುರಿಯುತ್ತಾ ಹೇಳಿದ್ದೇನೆ. ಫೋನಿನಲ್ಲಿ ಹೇಳಿದ್ದೇನೆ. ಬಾಯಿ ನೋವು ಬಂದು, ಒಂದು ವಾಯ್ಸ್ ಮೆಸೇಜ್ ಮಾಡಿಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಕಳಿಸಿದ್ದೂ ಉಂಟು. ಆದರೂ ತಿಂಗಳಿಗೊಬ್ಬರು ಎರಡು ಕಾರ್ಡ್‌ಗಳ ಫೋಟೋ ಪಕ್ಕಪಕ್ಕ ಇಟ್ಟು, ಕೆಂಪು ಗೆರೆಯಲ್ಲಿ ಸುತ್ತು ಹಾಕಿ, "ನೋಡಿ ಸರ್, ಇಲ್ಲಿ ಬಾಲ ಬೇರೆ" ಎಂದು ಕಳಿಸುತ್ತಾರೆ. ಅದಕ್ಕೇ ಈ ಸಲ ಕೂತು ಬರೆದುಬಿಡುತ್ತೇನೆ.

ಕಳಿಸುವ ಕ್ರಮ ನಿಮಗೆಲ್ಲ ಗೊತ್ತಿರುವುದೇ: ಒಂದು ಪುಟ ಮೀರದ ಕೈಬರಹದ ಕಾಗದ, ಒಂದೋ ಎರಡೋ ಕಾರ್ಡ್, ನಿಮ್ಮದೇ ವಿಳಾಸ ಬರೆದು ಸ್ಟ್ಯಾಂಪ್ ಹಚ್ಚಿದ ವಾಪಸ್ ಕವರ್. ಆಮೇಲೆ ಕಾಯುವುದು. ಕಳಿಸಬೇಕಾದದ್ದು 1989ರಿಂದ 1991ರ ಸುಮಾರಿನ ಕಾರ್ಡ್‌ಗಳು. ಟಾಪ್ಸ್ ಕಂಪನಿಯ ಜೊತೆಗೆ ಸ್ಕೋರ್, ಪ್ರೊ ಸೆಟ್ ಎಲ್ಲ ಸೇರಿಕೊಂಡು ಅಚ್ಚು ಹಾಕಿದ್ದೇ ಹಾಕಿದ್ದು. ಈಗ ಗ್ಯಾರೇಜ್ ಸೇಲ್‌ನಲ್ಲಿ ನಾಲ್ಕೈದು ಡಾಲರಿಗೆ ಒಂದು ಡಬ್ಬಿ ಸಿಗುತ್ತದೆ. ಹಾದಿಯಲ್ಲಿ ಕಳೆದುಹೋದರೂ ಹೊಟ್ಟೆ ಉರಿಯುವುದಿಲ್ಲ. ಹೊಳಪಿನ ಕಾರ್ಡ್ ಆದರೆ ಮೇಲೆ ಒಂದು ಚಿಟಿಕೆ ಬೇಬಿ ಪೌಡರ್ ಹಾಕಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿ. ಇಲ್ಲದಿದ್ದರೆ ಶಾರ್ಪಿ ಮಾರ್ಕರ್‌ನ ಶಾಯಿ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡುಗುಂಡಾಗಿ ನಿಲ್ಲುತ್ತದೆ. ಕೇರಂ ಬೋರ್ಡಿಗೆ ಪೌಡರ್ ಹಾಕಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಸಹಿಯ ವಿಚಾರ. ಎರಡು ಸಹಿ ಹೊಂದಬೇಕು ಎಂಬ ಈ ಹಟ ನಮಗೆ ಎಲ್ಲಿಂದ ಅಂಟಿಕೊಂಡಿತು ಎಂದು ನನಗೆ ಗೊತ್ತು. ಬ್ಯಾಂಕಿನ ಕೌಂಟರಿನಿಂದ. ದಾವಣಗೆರೆಯಲ್ಲಿ ನಮ್ಮಪ್ಪ, ರಿಟೈರ್ ಆದ ಮೇಷ್ಟ್ರು, ಪೆನ್ಷನ್ ದುಡ್ಡು ತೆಗೆಯಲು ಹೋದಾಗ ಗುಮಾಸ್ತರು ಚೀಟಿಯನ್ನು ಗಾಜಿನ ಕಿಂಡಿಯಿಂದ ಹಿಂದಕ್ಕೆ ತಳ್ಳಿ, "ಸಹಿ ಹೊಂದ್ತಿಲ್ಲ ಯಜಮಾನ್ರೇ, ಇನ್ನೊಮ್ಮೆ ಹಾಕಿ" ಎನ್ನುತ್ತಿದ್ದರು. ಅಪ್ಪ ಖಾತೆ ತೆರೆದಾಗ ಅವರಿಗೆ ಮೂವತ್ತೆರಡು ವರ್ಷ, ಈಗ ಎಪ್ಪತ್ತೆಂಟು. ಮೂರು ಸಲ ಹಾಕಿದರು, ಮೂರೂ ಬೇರೆ ಬೇರೆ. ಮೂರೂ ಅವರದೇ. ಪಕ್ಕದಲ್ಲಿ ನಿಂತು ನಾನೇ ನೋಡಿದ್ದೇನೆ.

ಮನುಷ್ಯನ ಕೈ ಒಂದೇ ಸಹಿಯನ್ನು ಎರಡು ಸಲ ಹಾಕಲಾರದು. ಅನುಮಾನವಿದ್ದರೆ ಈಗಲೇ ಒಂದು ಹಾಳೆ ತೆಗೆದುಕೊಂಡು ಹತ್ತು ಸಹಿ ಹಾಕಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಒಂದನ್ನು ಗೆರೆ ಎಳೆದು, ಅದನ್ನು ಉಳಿದ ಒಂಬತ್ತರ ಮೇಲೆ ಇಟ್ಟು ನೋಡಿ. ಒಂದಾದರೂ ಗೆರೆಗೆ ಗೆರೆ ಕೂತರೆ ನನಗೆ ತಿಳಿಸಿ. ಗೆರೆಗೆ ಗೆರೆ ಕೂರುವ ಸಹಿ ಮೆಷಿನ್ನಿನದು! ನೀವು ಹೆದರುತ್ತಿರುವ ಆಟೋಪೆನ್ ಎಂಬ ಯಂತ್ರ ಮಾಡುವುದೇ ಅದನ್ನು. ಒಂದು ಮಾದರಿ ಸಹಿಯನ್ನು ಅದಕ್ಕೆ ಕೊಡುತ್ತಾರೆ. ಅದರ ತೋಳು ನಿಜವಾದ ಪೆನ್ನನ್ನೇ ಹಿಡಿದು ಆ ಮಾದರಿಯನ್ನೇ ಸಾವಿರ ಸಲ ಎಳೆಯುತ್ತದೆ. ಅಂದರೆ "ಹೊಂದುತ್ತಿಲ್ಲ, ಆದ್ದರಿಂದ ಮೆಷಿನ್" ಎನ್ನುವ ನಿಮ್ಮ ಲೆಕ್ಕ ಬುಡಮೇಲಾಗಿದೆ.

ಆಟೋಪೆನ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2011ರಲ್ಲಿ ಫ್ರಾನ್ಸ್‌ನಲ್ಲಿದ್ದ ಅಧ್ಯಕ್ಷ ಒಬಾಮಾ ವಾಷಿಂಗ್ಟನ್‌ನಲ್ಲಿದ್ದ ಮಸೂದೆಗೆ ಇದರಿಂದಲೇ ಸಹಿ ಹಾಕಿಸಿದರು. ಅಪೊಲೊ ಕಾಲದ ಗಗನಯಾತ್ರಿಗಳ ಹೆಸರಲ್ಲಿ ನಾಸಾ ಹಂಚಿದ ಎಷ್ಟೋ ಫೋಟೋಗಳ ಮೇಲಿರುವುದೂ ಆಟೋಪೆನ್ ಸಹಿಯೇ. ಆದರೆ ಸ್ವಲ್ಪ ಯೋಚಿಸಿ. ಅದು ಸಾವಿರಾರು ಡಾಲರಿನ ಯಂತ್ರ. ದಿನಕ್ಕೆ ಮೂಟೆಗಟ್ಟಲೆ ಪತ್ರ ಬರುವ ಕಚೇರಿಗೆ ಬೇಕಾದದ್ದು. 1970ರ ದಶಕದಲ್ಲಿ ಆರು ಸೀಸನ್ ಲೈನ್‌ಬ್ಯಾಕರ್ ಆಗಿ ಆಡಿ, ಆಮೇಲೆ ವಿಮೆ ಮಾರಿಕೊಂಡೋ ಹೈಸ್ಕೂಲಿನಲ್ಲಿ ಕೋಚ್ ಆಗಿಯೋ ಬದುಕಿ, ಈಗ ವಾರಕ್ಕೆ ಮೂರು ಕವರ್ ಬರುವ ಮನುಷ್ಯ ಅಡುಗೆಮನೆ ಮೇಜಿನ ಮೇಲೆ ಆ ಯಂತ್ರ ಕೂರಿಸಿಕೊಂಡು, ಎರಡೂವರೆ ಇಂಚು ಅಗಲ ಮೂರೂವರೆ ಇಂಚು ಉದ್ದದ ಕಾರ್ಡನ್ನು ಸರಿಯಾಗಿ ಅದರ ಕೆಳಗೆ ಜೋಡಿಸುತ್ತಾನೆಯೇ? ಅಷ್ಟು ಹೊತ್ತಿನಲ್ಲಿ ನಲವತ್ತು ಸಹಿ ಕೈಯಲ್ಲೇ ಹಾಕಬಹುದು.

ಸರಿ, ಕಣ್ಣಿಂದ ನೋಡಿ ತಿಳಿಯಬೇಕು ಅನ್ನುವವರು ಹತ್ತು ಪಟ್ಟು ಹಿಗ್ಗಿಸುವ ಒಂದು ಲೂಪ್ ತೆಗೆದುಕೊಳ್ಳಿ, ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವುದೇ. ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನೀಲಿ ಶಾರ್ಪಿಯ ಗೆರೆ ಕಾರ್ಡಿನ ಹೊಳಪಿನ ಮೇಲೆ ಬೇರೆಯಾಗಿ ಕೂತಿರುತ್ತದೆ, ಅಂಚಿನಲ್ಲಿ ಸ್ವಲ್ಪ ನೇರಳೆ ಮಿನುಗು. ಒಂದು ಗೆರೆ ಇನ್ನೊಂದನ್ನು ದಾಟುವಲ್ಲಿ ಬಣ್ಣ ಗಾಢ. ಪೆನ್ನು ಓಡುತ್ತಲೇ ಕಾಗದ ಬಿಟ್ಟಿರುವುದರಿಂದ ಕೊನೆಯ ಬಾಲ ತೆಳ್ಳಗಾಗಿ ಮಾಯವಾಗುತ್ತದೆ. ನೀವು ಕೆಂಪು ಸುತ್ತು ಹಾಕಿ ಕಳಿಸಿದ ಬಾಲವೇ ಅದು. ಆಟೋಪೆನ್ನಿನ ಗೆರೆ ಹಾಗಲ್ಲ. ಎಲ್ಲ ಕಡೆ ಒಂದೇ ಒತ್ತಡ, ಶುರುವಿನಲ್ಲೂ ಕೊನೆಯಲ್ಲೂ ಪೆನ್ನು ನಿಂತು ಬಿಟ್ಟ ಚುಕ್ಕೆ, ನಡುವೆ ಯಂತ್ರ ನಡುಗಿದ ಸಣ್ಣ ಅಲೆ. ಅಚ್ಚಾದ ಸಹಿಯಾದರೆ ಲೂಪಿನಲ್ಲಿ ಇನ್ನೂ ಬೇಗ ಸಿಕ್ಕಿಬೀಳುತ್ತದೆ, ಗೆರೆಯ ಮೇಲೆ ಶಾಯಿಯ ಹೊಳಪೇ ಇರುವುದಿಲ್ಲ. 1975ರ ಟಾಪ್ಸ್ ಬೇಸ್‌ಬಾಲ್ ಕಾರ್ಡ್‌ಗಳ ಮೇಲೆ ಇಂಥ ಅಚ್ಚಿನ ಸಹಿ ಇದೆ. ಅದನ್ನೇ ಅಸಲಿ ಎಂದು ಫ್ರೇಮ್ ಹಾಕಿಸಿದ ಸ್ನೇಹಿತರೊಬ್ಬರಿದ್ದಾರೆ. ಅವರ ಮನೆಗೆ ಹೋದಾಗ ನಾನು ಆ ಗೋಡೆ ಕಡೆ ನೋಡುವುದಿಲ್ಲ.

ಹಾಗೆಂದು ಹೊಂದದ್ದೆಲ್ಲ ಅಸಲಿ ಎಂದು ಹಾರಾಡಬೇಡಿ. ಈಗ ಆಡುತ್ತಿರುವ ದೊಡ್ಡ ಸ್ಟಾರ್‌ಗೆ ತಂಡದ ಕಚೇರಿ ವಿಳಾಸಕ್ಕೆ ಕಳಿಸಿದರೆ ಅಲ್ಲಿನ ಯಾರೋ ಸಹಿ ಗೀಚಿರಬಹುದು. ಇನ್ನು ವಂಚನೆಗೆಂದೇ ಮಾಡುವ ನಕಲಿ ನಿಮ್ಮ ಕವರಿನಲ್ಲಿ ಬರುವಂಥದ್ದಲ್ಲ, ಮಾರಾಟಕ್ಕೆ ಬರುವಂಥದ್ದು. ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಎಂಬ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಜಾಲ ಹಿಡಿದಾಗ ಸಿಕ್ಕಿದ್ದರಲ್ಲಿ ಮದರ್ ತೆರೇಸಾ ಸಹಿಯ ಬೇಸ್‌ಬಾಲ್‌ಗಳೂ ಇದ್ದವು! ಖೋಟಾ ಮಾಡುವವನು ಒಂದು ಮಾದರಿ ಎದುರಿಗಿಟ್ಟುಕೊಂಡು ಅದನ್ನೇ ತೀಡುತ್ತಾನೆ, ಅವನಿಗೂ ನಿಮ್ಮ ಹಾಗೆ 'ಹೊಂದಬೇಕು' ಎಂಬ ಚಿಂತೆ. ನೀವು ಕವರ್ ಹಾಕಿ, ಡಾಲರ್ ಕೂಡ ಬಾಳದ ಕಾರ್ಡಿಗೆ ಸಹಿ ಕೇಳಿದಾಗ ಇನ್ನೊಬ್ಬನಿಂದ ಹಾಕಿಸಿ ಆ ಮುದುಕನಿಗೆ ಸಿಗುವುದಾದರೂ ಏನು?

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ. ಒಬ್ಬರದೇ ಸಹಿ ಹತ್ತು ವರ್ಷದಲ್ಲಿ ಅಷ್ಟು ಬದಲಾಗುವುದೇಕೆ? ವಯಸ್ಸು ಒಂದು ಕಾರಣ. ಇನ್ನೊಂದು, ಇವರು ಜೀವನವಿಡೀ ಕೈಬೆರಳು ಮುರಿದುಕೊಂಡವರು, ಅದರಲ್ಲೂ ಮುಂಚೂಣಿಯಲ್ಲಿ ನಿಂತು ಎದುರಾಳಿಯ ಜೊತೆ ಗುದ್ದಾಡುವ ಲೈನ್‌ಮನ್ ಆಟಗಾರರು. ಮೂರನೆಯದು ತಲೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದಲ್ಲಿ ಈ ಆಟದ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲ್ ಅನ್ನು ನಾಲ್ಕು ಸಲ ಗೆದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ, ಐವತ್ತೇ ವರ್ಷಕ್ಕೆ ತೀರಿಕೊಂಡರು. ಅವರ ಮಿದುಳನ್ನು ಪರೀಕ್ಷಿಸಿದ ಡಾಕ್ಟರ್ ಬೆನೆಟ್ ಒಮಾಲು, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮಿದುಳಿನ ಕಾಯಿಲೆಯನ್ನು ಈ ಆಟದವರಲ್ಲಿ ಮೊದಲ ಸಲ ಗುರುತಿಸಿದರು. ಓಹಾಯೊದ ಕ್ಯಾಂಟನ್‌ನಲ್ಲಿರುವ ಹಾಲ್ ಆಫ್ ಫೇಮ್‌ನಲ್ಲಿ ವೆಬ್‌ಸ್ಟರ್ ಅವರ ಕಂಚಿನ ಮುಖ ಇದೆ. ನನಗೆ ಅಲ್ಲಿಗೆ ಕಾರಿನಲ್ಲಿ ಎರಡು ಗಂಟೆ, ಹೋದಾಗಲೆಲ್ಲ ಅದರ ಮುಂದೆ ನಿಂತು ಬರುತ್ತೇನೆ.

ನಾನೂ ಒಮ್ಮೆ ನಿಮ್ಮ ಹಾಗೇ ಬುದ್ಧಿವಂತಿಕೆ ತೋರಿಸಿದ್ದೆ. ಒಬ್ಬ ಹಳೆಯ ಕಾರ್ನರ್‌ಬ್ಯಾಕ್ ಆಟಗಾರ ಮೊದಲ ಸಲ ಮುತ್ತು ಪೋಣಿಸಿದ ಹಾಗೆ ಪೂರ್ತಿ ಹೆಸರು ಬರೆದಿದ್ದರು. ಐದು ವರ್ಷ ಬಿಟ್ಟು ಇನ್ನೊಂದು ಕಾರ್ಡ್ ಕಳಿಸಿದರೆ ಬಂದದ್ದು ಎರಡು ಅಕ್ಷರ ಮತ್ತು ಒಂದು ಸೊಟ್ಟ ಗೆರೆ. ವಿನಯವಾಗಿಯೇ, ಆದರೆ ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡು, "ಇದು ತಾವೇ ಹಾಕಿದ್ದೇ?" ಎಂದು ಬರೆದೆ. ಉತ್ತರ ಬರೆದದ್ದು ಅವರ ಹೆಂಡತಿ. ಪಾರ್ಶ್ವವಾಯು ಆಗಿದೆಯಂತೆ, ಎಡಗೈಯಲ್ಲಿ ಕಲಿಯುತ್ತಿದ್ದಾರಂತೆ. ಆ ಕಾರ್ಡಿಗೆ ಅವರು ಇಪ್ಪತ್ತು ನಿಮಿಷ ತೆಗೆದುಕೊಂಡರಂತೆ. ಆ ಕಾಗದ ಓದಿ ಎರಡು ದಿನ ನಾನು ಮನೆಯಲ್ಲಿ ಯಾರ ಹತ್ತಿರವೂ ಕಾರ್ಡಿನ ಸುದ್ದಿ ಎತ್ತಲಿಲ್ಲ. ಅಂದಿನಿಂದ ಎಂಬತ್ತು ದಾಟಿದವರಿಗೆ ಒಂದೇ ಕಾರ್ಡ್ ಕಳಿಸುತ್ತೇನೆ. ಆರು ಕಾರ್ಡ್ ತುರುಕುವವರೂ ಇದ್ದಾರೆ. ನೀವು ಅವರಲ್ಲೊಬ್ಬರಾಗಿದ್ದರೆ ದಯವಿಟ್ಟು ನನಗೆ ಹೇಳಬೇಡಿ.

ಹಾಂ, ಊರಿನಿಂದ ಕಳಿಸುವವರಿಗೆ ಒಂದು ಮಾತು. ವಾಪಸ್ ಕವರಿಗೆ ಭಾರತದ ಸ್ಟ್ಯಾಂಪ್ ಹಚ್ಚಿದರೆ ಪ್ರಯೋಜನವಿಲ್ಲ. ಅದು ಅಮೆರಿಕದಿಂದ ಹೊರಡುವ ಕಾಗದ, ಅಮೆರಿಕದ ಸ್ಟ್ಯಾಂಪೇ ಬೇಕು. ಇಲ್ಲಿಯ ಅಂಚೆಯವರು 2013ರಿಂದ ಮಾರುವ ದುಂಡನೆಯ ಗ್ಲೋಬಲ್ ಫಾರೆವರ್ ಸ್ಟ್ಯಾಂಪ್ ಒಂದಿದ್ದರೆ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತೂಕದ ಸಾಧಾರಣ ಕಾಗದ ಯಾವ ದೇಶಕ್ಕಾದರೂ ಹೋಗುತ್ತದೆ. ಇಲ್ಲಿರುವ ನೆಂಟರಿಗೆ ಹೇಳಿ ಮೊದಲೇ ತರಿಸಿಟ್ಟುಕೊಳ್ಳಿ. ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್ ಒಳಗಿಡಬೇಡಿ, ಕವರ್ ಬಾಗದಿದ್ದರೆ ಹೆಚ್ಚು ದುಡ್ಡು ಕೇಳುತ್ತಾರೆ.

ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗನಿಗೂ ಈ ಹುಚ್ಚು ಹಿಡಿದಿದೆ. ನನ್ನನ್ನು ಕೇಳದೆ ವಾಪಸ್ ಕವರಿಗೆ ಗಾಂಧಿ ಸ್ಟ್ಯಾಂಪ್ ಹಚ್ಚಿ ಕಳಿಸಿಬಿಟ್ಟ. ನಾಲ್ಕು ತಿಂಗಳ ಮೇಲೆ ಕಾರ್ಡ್ ಬಂತು, ಬೇರೆ ಕವರಿನಲ್ಲಿ, ಆ ಆಟಗಾರರೇ ತಮ್ಮ ದುಡ್ಡಿನಿಂದ ಹಚ್ಚಿದ ಸ್ಟ್ಯಾಂಪಿನೊಂದಿಗೆ. ಜೊತೆಗೆ ಒಂದು ಚೀಟಿ: ನಿನ್ನ ಸ್ಟ್ಯಾಂಪ್ ಇಲ್ಲಿ ನಡೆಯುವುದಿಲ್ಲ ಮಗು, ಆದರೆ ಚೆನ್ನಾಗಿದೆ, ಕತ್ತರಿಸಿ ಇಟ್ಟುಕೊಂಡಿದ್ದೇನೆ.