ಮಗ ಸಿಗರೇಟು ಪೆಪ್ಪರಮಿಂಟು ಹಿಡಿದು ‘ಸೇದುವ’ ಆಟ ಆಡ್ತಾನೆ, ತಡೆಯಬೇಕಾ?

ಓದುಗರ ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಬೇಸಿಗೆ ರಜೆಯಲ್ಲಿ ತವರಿಗೆ ಹೋಗಿದ್ದಾಗ, ಸಿಗರೇಟು ಸೇದುವ ನನ್ನ ತಮ್ಮ ಅವನಿಗೆ ಸಿಗರೇಟಿನ ಆಕಾರದ ಪೆಪ್ಪರಮಿಂಟು ಕೊಡಿಸಿದ. ಮಗ ಅದನ್ನು ಎರಡು ಬೆರಳಿನ ನಡುವೆ ಹಿಡಿದು, ದಮ್ ಎಳೆದು, ಹೊಗೆ ಬಿಟ್ಟ ಹಾಗೆ ಮಾಡಿದ. ಮನೆಯವರೆಲ್ಲ ನಕ್ಕರು, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ನನಗೆ ಹಿಡಿಸಲಿಲ್ಲ. “ಚಿಕ್ಕವರಿದ್ದಾಗ ನಾವೂ ತಿಂದಿಲ್ವೇನಕ್ಕ, ಈಗೇನಾಯ್ತು?” ಅಂತಾನೆ ತಮ್ಮ. ನಾನು ಅತಿಯಾಗಿ ಯೋಚನೆ ಮಾಡ್ತಿದ್ದೀನಾ?

ಉತ್ತರ: ಇಲ್ಲ, ಅತಿ ಏನೂ ಅಲ್ಲ. ಆದರೆ ನಿಮಗೆ ಹಿಡಿಸದೇ ಇದ್ದದ್ದು ಯಾವುದು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ಪೆಪ್ಪರಮಿಂಟಿಗಿಂತ ಆ ನಗುವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಏಳು ವರ್ಷದ ಮಗುವಿಗೆ ಸಕ್ಕರೆ ಎಲ್ಲಿ ಬೇಕಾದರೂ ಸಿಗುತ್ತದೆ. ಒಂದೇ ಒಂದು ಕೈಚಳಕಕ್ಕೆ ಅಜ್ಜಿ, ತಾತ, ಮಾವ ಎಲ್ಲರೂ ಒಟ್ಟಿಗೆ ತನ್ನ ಕಡೆ ತಿರುಗಿ ನಗುವುದು ದಿನಾ ಸಿಗುವುದಿಲ್ಲ. ಆ ಖುಷಿ ಮನಸ್ಸಿನಲ್ಲಿ ಉಳಿಯುತ್ತದೆ.

ಮೊದಲು ವಸ್ತುವಿನ ವಿಚಾರ. ನಮ್ಮಲ್ಲಿ ಈ ಮಿಠಾಯಿ ಮನೆಮಾತಾದದ್ದು ಫ್ಯಾಂಟಮ್ ಹೆಸರಿನಲ್ಲಿ. ಬೆಳ್ಳಗಿನ ಸಣ್ಣ ಕಡ್ಡಿ, ತುದಿಯಲ್ಲಿ ಕೆಂಡದ ಹಾಗೆ ಕಾಣಲೆಂದು ಹಚ್ಚಿದ ಕೆಂಪು ಬಣ್ಣ, ಬೆರಳಿಗೆ ಅಂಟುವ ಪುಡಿ, ಥೇಟ್ ಸಿಗರೇಟು ಪ್ಯಾಕಿನಂಥದೇ ಪುಟ್ಟ ಡಬ್ಬಿ. ಚಳಿಗಾಲದ ಬೆಳಗ್ಗೆ ಶಾಲೆಯ ದಾರಿಯಲ್ಲಿ ಅದನ್ನು ತುಟಿಗಿಟ್ಟು ಉಸಿರು ಬಿಟ್ಟರೆ ಬಾಯಿಂದ ನಿಜವಾಗಿಯೂ ಹೊಗೆ ಬಂದ ಹಾಗೆ ಕಾಣುತ್ತಿತ್ತು. ಅದರಲ್ಲಿ ತಂಬಾಕು ಇಲ್ಲ, ನಿಕೋಟಿನ್ ಇಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಯಾವ ತಿನಿಸಿನಲ್ಲೂ ಅವೆರಡನ್ನು ಬೆರೆಸುವಂತಿಲ್ಲ. ಹಾಗಾಗಿ ಮಗುವಿನ ದೇಹಕ್ಕೆ ಆಗುವ ಹಾನಿ ಬೇರೆ ಯಾವುದೇ ಪೆಪ್ಪರಮಿಂಟಿನಷ್ಟೇ, ಹೆಚ್ಚೆಂದರೆ ಹುಳುಕು ಹಲ್ಲು.

ಹಾಗಾದರೆ ಚಿಂತೆ ಎಲ್ಲಿಂದ ಬಂತು? ಅಮೆರಿಕದಲ್ಲಿ 25,887 ವಯಸ್ಕರ ಉತ್ತರಗಳನ್ನು ಆಧರಿಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವವರಲ್ಲಿ ಮತ್ತು ಹಿಂದೆ ಸೇದಿ ಬಿಟ್ಟವರಲ್ಲಿ ಶೇ. 88ರಷ್ಟು ಜನ ಬಾಲ್ಯದಲ್ಲಿ ಈ ಮಿಠಾಯಿ ತಿಂದಿದ್ದರು. ಎಂದೂ ಸೇದದವರಲ್ಲಿ ಅದು ಶೇ. 78. ನಿಮ್ಮ ತಮ್ಮ ಹೇಳುವುದರಲ್ಲಿ ಹುರುಳಿದೆ ಅನ್ನುವುದಕ್ಕೆ ಈ ಎರಡನೇ ಅಂಕಿಯೇ ಸಾಕ್ಷಿ, ಏಕೆಂದರೆ ತಿಂದವರಲ್ಲಿ ಬಹಳಷ್ಟು ಜನ ಸಿಗರೇಟಿನ ಕಡೆ ತಲೆ ಹಾಕಲೇ ಇಲ್ಲ. ಆದರೂ ಎರಡು ಗುಂಪುಗಳ ನಡುವೆ ಅಂತರ ಇದ್ದೇ ಇದೆ. ಅದು ಮಿಠಾಯಿಯಿಂದಲೇ ಬಂತೋ, ಮನೆಯಲ್ಲಿ ಸೇದುವವರಿದ್ದ ಮಕ್ಕಳಿಗೆ ಮಿಠಾಯಿಯೂ ಹೆಚ್ಚು ಸಿಕ್ಕಿತೋ, ಇಂಥ ಸಮೀಕ್ಷೆಯಿಂದ ಬೇರ್ಪಡಿಸಿ ಹೇಳಲಾಗದು.

ನನ್ನ ಮನಸ್ಸು ಗಟ್ಟಿಯಾದದ್ದು ಬೇರೆ ಕಾರಣಕ್ಕೆ. ಅಮೆರಿಕದ ತಂಬಾಕು ಕಂಪನಿಗಳ ಒಳಗಿನ ಕಡತಗಳು ನ್ಯಾಯಾಲಯದ ಮೊಕದ್ದಮೆಗಳಿಂದಾಗಿ ಹೊರಬಂದವು. ಅವನ್ನು ಓದಿದ ಸಂಶೋಧಕರು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ತಮ್ಮ ಬ್ರ್ಯಾಂಡಿನ ಪ್ಯಾಕನ್ನು ಮಿಠಾಯಿ ತಯಾರಕರು ನಕಲು ಮಾಡುತ್ತಿದ್ದರೂ ಕಂಪನಿಗಳು ಎಷ್ಟೋ ಸಲ ಸುಮ್ಮನಿದ್ದವು, ಕೆಲವು ಸಲ ಸಹಕರಿಸಿದವು. ತಮ್ಮ ಲೇಬಲ್ಲನ್ನು ಬೇರೆಯವರು ಬಳಸಿದರೆ ತಕ್ಷಣ ಕೋರ್ಟಿಗೆ ಹೋಗುವ ವ್ಯಾಪಾರಿಗಳು ಇಲ್ಲಿ ಮಾತ್ರ ಯಾಕೆ ಸುಮ್ಮನಿದ್ದರು? ಮಗುವಿನ ಕೈಯಲ್ಲಿ ತಮ್ಮ ಪ್ಯಾಕ್ ಇರುವುದು ಅವರಿಗೆ ಲಾಭವೇ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 16ನೇ ವಿಧಿ, ಮಕ್ಕಳನ್ನು ಸೆಳೆಯುವಂತೆ ತಂಬಾಕು ಉತ್ಪನ್ನದ ರೂಪದಲ್ಲಿ ಮಾಡಿದ ಮಿಠಾಯಿ, ತಿಂಡಿ, ಆಟಿಕೆಗಳ ತಯಾರಿ ಮತ್ತು ಮಾರಾಟವನ್ನು ನಿಷೇಧಿಸಲು ಹೇಳುತ್ತದೆ. ಭಾರತ 2004ರಲ್ಲೇ ಆ ಒಪ್ಪಂದಕ್ಕೆ ಅಂಗೀಕಾರ ಕೊಟ್ಟಿದೆ. ಆದರೆ ತಂಬಾಕು ನಿಯಂತ್ರಣಕ್ಕೆಂದೇ ಇರುವ 2003ರ ನಮ್ಮ ಕೋಟ್ಪಾ ಕಾಯ್ದೆ ಇಂಥ ಮಿಠಾಯಿಯ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಹಾಗಾಗಿ ಈ ಕೆಲಸ ಸದ್ಯಕ್ಕೆ ಮನೆಯವರ ಮೇಲೇ ಬಿದ್ದಿದೆ.

ಮಗನ ಹತ್ತಿರ ಹೇಗೆ ಮಾತಾಡುವುದು? ಕೈಯಿಂದ ಕಿತ್ತು ಎಸೆದರೆ ಆ ಕಡ್ಡಿಗೆ ಇಲ್ಲದ ಮಹತ್ವ ಬರುತ್ತದೆ, ನಿಮ್ಮ ಕಣ್ಣು ತಪ್ಪಿಸಿ ತಿನ್ನುವ ಆಸೆ ಹುಟ್ಟುತ್ತದೆ. ಪಕ್ಕದಲ್ಲಿ ಕೂತು ಕೇಳಿ ನೋಡಿ.

“ಇದೇನು ಪುಟ್ಟಾ?”

“ಸಿಗರೇಟು.”

“ನಿಜವಾದದ್ದಾ?”

“ಅಲ್ಲಮ್ಮಾ, ಸಕ್ಕರೆದು. ನಿಜವಾದದ್ದು ಮಾವ ಸೇದ್ತಾರಲ್ಲ, ಅದು.”

“ಮಾವ ಅದನ್ನ ಬಿಡಬೇಕು ಅಂತ ಎಷ್ಟು ಸಲ ನೋಡಿದ್ರು, ಆಗ್ಲಿಲ್ಲ. ಒಂದ್ಸಲ ಹಿಡಿದ್ರೆ ಬಿಡೋದು ಅಷ್ಟು ಕಷ್ಟ. ಅದಕ್ಕೇ ನಂಗೆ ಈ ಆಟ ಇಷ್ಟ ಇಲ್ಲ. ಪೆಪ್ಪರಮಿಂಟು ತಿನ್ನು, ಸೇದೋ ಥರ ಮಾಡ್ಬೇಡ.”

ಇಷ್ಟು ಸಾಕು. ಕ್ಯಾನ್ಸರ್ ಚಿತ್ರ ತೋರಿಸಿ ಹೆದರಿಸುವುದು ಈ ವಯಸ್ಸಿಗೆ ಬೇಡ. ಅವತ್ತು ರಾತ್ರಿ ಮಾವ ಸತ್ತು ಹೋಗ್ತಾರೆ ಅಂತ ಮಗು ಅಳುತ್ತಾ ಕೂರುತ್ತದೆ, ಅಷ್ಟೇ. ಮಾವನನ್ನು ಕೆಟ್ಟವನನ್ನಾಗಿ ಮಾಡುವುದೂ ಬೇಡ. ಮಗು ಪ್ರೀತಿಸುವ ಮನುಷ್ಯನಿಗೆ ಒಂದು ಚಟ ಅಂಟಿದೆ ಅನ್ನುವುದು ನಿಜ, ಮಕ್ಕಳಿಗೆ ಅರ್ಥವಾಗುವ ಸಂಗತಿಯೇ ಅದು. ತಮ್ಮನ ಹತ್ತಿರ ಮಾತ್ರ ಮಗು ಇಲ್ಲದಾಗ ಮಾತಾಡಿ. “ನೀನು ಕೊಡಿಸಿದ್ದು ತಪ್ಪು ಅಂತ ಜಗಳಕ್ಕೆ ಬಂದಿಲ್ಲ ಕಣೋ. ಅವನು ಹಾಗೆ ಮಾಡಿದಾಗ ನಗಬೇಡಿ, ವಿಡಿಯೊನ ಫ್ಯಾಮಿಲಿ ಗ್ರೂಪಿಗೆ ಹಾಕಬೇಡ” ಅಂದರೆ ಅವನಿಗೂ ಬೇಜಾರಾಗುವುದಿಲ್ಲ. ನೋಡುವವರಿಲ್ಲದ ಆಟ ಬೇಗ ಸಪ್ಪೆಯಾಗುತ್ತದೆ.

ನೀವು ಕೇಳದೇ ಇದ್ದ ಒಂದು ವಿಷಯವನ್ನು ಇಲ್ಲಿ ಎತ್ತಲೇಬೇಕು, ಏಕೆಂದರೆ ಸಿಗರೇಟು ಪೆಪ್ಪರಮಿಂಟಿಗಿಂತ ಅದು ನೂರು ಪಾಲು ಹೆಚ್ಚು ಕೆಟ್ಟದ್ದು. ಗೂಡಂಗಡಿಯ ಮುಂದೆ ಮಾಲೆ ಮಾಲೆಯಾಗಿ ತೂಗುವ ಸಿಹಿ ಅಡಿಕೆಯ ಪುಟ್ಟ ಪ್ಯಾಕೆಟ್ಟುಗಳನ್ನು ನೋಡಿ. ಒಂದೆರಡು ರೂಪಾಯಿಗೆ ಸಿಗುತ್ತವೆ, ಹೊಳೆಯುವ ಬಣ್ಣ, ಗುಲಾಬಿ ಪರಿಮಳ. ಅದರ ಪಕ್ಕದ ಮಾಲೆಯಲ್ಲೇ ಪಾನ್ ಮಸಾಲ, ತಂಬಾಕು. ಮಗು ಅದನ್ನು ತಿನ್ನುವ ರೀತಿಯನ್ನು ಹತ್ತಿರದಿಂದ ಗಮನಿಸಿ: ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿದು, ತುಂಡನ್ನು ತೂ ಎಂದು ಉಗುಳಿ, ತಲೆ ಹಿಂದಕ್ಕೆ ಎತ್ತಿ, ಪೂರ್ತಿ ಬಾಯಿಗೆ ಸುರಿದು, ದವಡೆಯ ಒಂದು ಮೂಲೆಗೆ ಒತ್ತಿಟ್ಟುಕೊಳ್ಳುತ್ತದೆ. ಗುಟ್ಕಾ ಹಾಕುವವರ ಅಭ್ಯಾಸ ಒಂದು ಹೆಜ್ಜೆಯೂ ತಪ್ಪದೆ ಅಲ್ಲಿದೆ.

ಸಕ್ಕರೆ ಕಡ್ಡಿಯಲ್ಲಿ ಚಟದ ವೇಷ ಮಾತ್ರ ಇತ್ತು. ಇಲ್ಲಿ ಚಟದ ವಸ್ತುವೇ ಇದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅಭ್ಯಾಸ ಹಿಡಿಸುವ ರಾಸಾಯನಿಕ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೂ ಮೊದಲೇ ಬರುವ ಕಾಯಿಲೆ ಇನ್ನೊಂದಿದೆ. ಕೆನ್ನೆಯ ಒಳಪದರ ಬಿಳಚಿಕೊಂಡು, ಗಡುಸಾಗಿ, ಖಾರ ಮುಟ್ಟಿದರೆ ಉರಿದು, ಬಾಯಿ ಬರಬರುತ್ತಾ ಮುಚ್ಚಿಕೊಳ್ಳುತ್ತದೆ. ಗಡುಸಾದದ್ದು ಮತ್ತೆ ಮೊದಲಿನಂತಾಗುವುದು ಕಷ್ಟ. ನಿಮ್ಮ ಮನೆಯ ಮಕ್ಕಳಿಗೆ ಈ ಪ್ಯಾಕೆಟ್ಟಿನ ಅಭ್ಯಾಸವಿದ್ದರೆ ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಹಿಡಿಸುತ್ತದಾ ನೋಡಿ. ಸಾಮಾನ್ಯವಾಗಿ ಹಿಡಿಸಬೇಕು. ಹಿಡಿಸದಿದ್ದರೆ ತಡ ಮಾಡದೆ ದಂತವೈದ್ಯರಿಗೆ ತೋರಿಸಿ.

ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ತೋಟದ ಮನೆಗಳಲ್ಲಿ ಕೂತು ಇದನ್ನು ಓದುವವರಿಗೆ ಈ ಮಾತು ಕಹಿಯಾಗಬಹುದು ಅಂತ ಗೊತ್ತು. ಅಡಿಕೆ ನಮ್ಮ ಅನ್ನ, ತಾಂಬೂಲವಿಲ್ಲದೆ ನಮ್ಮಲ್ಲಿ ಶುಭಕಾರ್ಯ ನಡೆಯುವುದಿಲ್ಲ. ಆದರೆ ಕವಳದ ತಟ್ಟೆ ಜಗಲಿಯಲ್ಲೇ ಇದ್ದ ಮನೆಗಳಲ್ಲೂ ಹಿರಿಯರು ಮಕ್ಕಳಿಗೆ “ಎಲೆ ಹಾಕಿದ್ರೆ ನಾಲಿಗೆ ದಪ್ಪ ಆಗುತ್ತೆ, ಓದೋಕೆ ಬರಲ್ಲ” ಅಂತ ಹೇಳಿ ದೂರ ಇಡುತ್ತಿದ್ದರು. ಕಾರಣ ಸರಿಯಿರಲಿಲ್ಲ, ಗೆರೆ ಮಾತ್ರ ಸರಿಯಾದ ಜಾಗದಲ್ಲಿತ್ತು. ಆ ಗೆರೆಯನ್ನು ಬಣ್ಣದ ಪ್ಯಾಕೆಟ್ಟು ಅಳಿಸಿ ಹಾಕಿದೆ. ಹಾಗಾಗಿ ಸಿಹಿ ಅಡಿಕೆಗೆ ನನ್ನ ಉತ್ತರ ಒಂದೇ: ಬೇಡ. ಮದುವೆ ಮನೆಯಲ್ಲೂ ಬೇಡ, ಬಸ್ಸಿನಲ್ಲಿ ವಾಂತಿ ಬರುತ್ತೆ ಅಂತಲೂ ಬೇಡ. ವಾಂತಿಗೆ ನಿಂಬೆ ಹುಳಿ ಪೆಪ್ಪರಮಿಂಟು ಕೊಡಿ.

ಹಾಗೇ ಖಡಾಖಂಡಿತವಾಗಿ ಬೇಡ ಅನ್ನಬೇಕಾದ ಇನ್ನೊಂದು, ಜಾತ್ರೆ ಮತ್ತು ವಸ್ತುಪ್ರದರ್ಶನಗಳ ಹೊಗೆ ಬಿಸ್ಕತ್ತು. ಬಾಯಿಗೆ ಹಾಕಿದ ಕೂಡಲೇ ಮೂಗು ಬಾಯಿಂದ ಬೆಳ್ಳಗೆ ಹೊಗೆ ಬರುತ್ತದೆ, ಮಕ್ಕಳಿಗೆ ಅದೇ ಆಕರ್ಷಣೆ. ಆ ಹೊಗೆಗೆ ಕಾರಣ ದ್ರವರೂಪದ ಸಾರಜನಕ, ಅದು ಕುದಿಯುವುದೇ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪೂರ್ತಿ ಆವಿಯಾಗುವ ಮೊದಲೇ ನುಂಗಿದರೆ ತಾಗಿದ ಜಾಗವನ್ನೆಲ್ಲ ಸುಟ್ಟ ಹಾಗೆ ಮಾಡುತ್ತದೆ, ಹೊಟ್ಟೆಯೊಳಗೆ ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುವ ಲೆಕ್ಕದಲ್ಲಿ ಉಬ್ಬುತ್ತದೆ. 2024ರಲ್ಲಿ ದಾವಣಗೆರೆಯಲ್ಲಿ ಇದನ್ನು ತಿಂದ ಹುಡುಗನೊಬ್ಬ ಸಂಕಟಪಡುವ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಅದೇ ವರ್ಷ, ಬೆಂಗಳೂರಿನ ಆರತಕ್ಷತೆಯೊಂದರಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಬಾಲಕಿಯ ಹೊಟ್ಟೆಯಲ್ಲಿ ತೂತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆ ಮೇಲೆ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಹೊಗೆ ಬರಿಸಲು ತಿನಿಸಿಗೆ ದ್ರವ ಸಾರಜನಕ ಬಳಸುವುದನ್ನು ನಿಷೇಧಿಸಿತು. ಎಲ್ಲಾದರೂ ಕಂಡರೆ ಮಗುವಿನ ಕೈ ಹಿಡಿದು ಮುಂದೆ ನಡೆಯಿರಿ.

ದೊಡ್ಡ ಮಕ್ಕಳಿರುವವರು ಹಣ್ಣಿನ ರುಚಿಯ ಇ-ಸಿಗರೇಟುಗಳ ಮೇಲೂ ಕಣ್ಣಿಡಬೇಕು. ನೋಡಲು ಪೆನ್ನು, ಪೆನ್‌ಡ್ರೈವ್ ಇದ್ದ ಹಾಗಿರುತ್ತವೆ. 2019ರ ಕಾಯ್ದೆಯಿಂದ ದೇಶದಲ್ಲಿ ಅವುಗಳ ಮಾರಾಟ ಪೂರ್ತಿ ನಿಷಿದ್ಧ, ಆದರೂ ಸಿಗುತ್ತವೆ.

ಇನ್ನು ನಮ್ಮ ಮನೆಗಳ ಒಂದು ಹಳೇ ಅಭ್ಯಾಸ. “ಓಡಿ ಹೋಗಿ ಅಂಗಡಿಯಿಂದ ಎರಡು ಸಿಗರೇಟು ತಗೊಂಡು ಬಾ, ಉಳಿದ ಚಿಲ್ಲರೆಗೆ ನಿಂಗೇನು ಬೇಕೋ ತಗೋ.” ಸಿಗರೇಟು ಮತ್ತು ಮಿಠಾಯಿ ಒಂದೇ ಕೈಗೆ, ಒಂದೇ ದುಡ್ಡಿನಲ್ಲಿ ಸಿಗುವಂತೆ ಮಾಡುವುದು ಈ ಮಾತು. ಫ್ಯಾಂಟಮ್ ಡಬ್ಬಿ ಮಾಡಲಾಗದ್ದನ್ನು ಇದು ಮಾಡುತ್ತದೆ: ತಂಬಾಕಿನ ಅಂಗಡಿಯವನಿಗೆ ಮಗುವಿನ ಪರಿಚಯವಾಗುತ್ತದೆ, ಮಗುವಿಗೆ ಬ್ರ್ಯಾಂಡಿನ ಹೆಸರು ಬಾಯಿಪಾಠವಾಗುತ್ತದೆ. ಕೋಟ್ಪಾಕ್ಕೆ ಕರ್ನಾಟಕ ತಂದ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ನಮ್ಮ ರಾಜ್ಯದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನ ಮಾರುವುದೇ ಅಪರಾಧ. ಬಿಡಿ ಸಿಗರೇಟು ಮಾರುವಂತೆಯೂ ಇಲ್ಲ. ಅಪ್ಪ ಕಳಿಸಿದ್ದು ಅನ್ನುವುದು ಅಂಗಡಿಯವನಿಗೆ ರಕ್ಷಣೆಯಾಗದು.

2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 13ರಿಂದ 15 ವರ್ಷದ ಶಾಲಾ ಮಕ್ಕಳ ನಡುವೆ ನಡೆಸಿದ ಸಮೀಕ್ಷೆಯನ್ನು ಈ ಹಿನ್ನೆಲೆಯಲ್ಲಿ ಓದಿ. ದೇಶದಲ್ಲಿ ಶೇ. 8.5ರಷ್ಟು ಮಕ್ಕಳು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸಿಗರೇಟು ಸೇದಿದ್ದವರಲ್ಲಿ ಶೇ. 38ರಷ್ಟು, ಅಗಿಯುವಂಥ ತಂಬಾಕು ಬಳಸಿದ್ದವರಲ್ಲಿ ಶೇ. 52ರಷ್ಟು ಮಕ್ಕಳು ಶುರು ಮಾಡಿದ್ದು ಹತ್ತು ವರ್ಷ ತುಂಬುವ ಮೊದಲೇ. ನಿಮ್ಮ ಮಗನಿಗೆ ಏಳು. “ಇನ್ನೂ ಚಿಕ್ಕೋನು, ಈಗ್ಯಾಕೆ ಈ ಮಾತೆಲ್ಲ” ಅನ್ನುವವರಿಗೆ ಈ ಅಂಕಿ ತೋರಿಸಿ.

ಮನೆಯಲ್ಲಿ ಸೇದುವವರಿದ್ದರೆ ಮಗುವಿನ ಮುಂದೆ ಸೇದದೇ ಇರುವುದು ಒಳ್ಳೆಯದು. ಬಿಡಬೇಕೆಂಬ ಮನಸ್ಸಿದ್ದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಇದೆ: 1800-11-2356. ಕರೆ ಉಚಿತ. ಸಿಗರೇಟು ಪ್ಯಾಕಿನ ಮೇಲೂ ಈ ನಂಬರು ಇರುತ್ತದೆ. ಇದರ ಒಂದು ಪ್ರಾದೇಶಿಕ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ತಮ್ಮನಿಗೆ ಆ ನಂಬರು ಕಳಿಸಿ. ಮೊದಲ ಸಲಕ್ಕೆ ಅವನು ಮಾತು ಹಾರಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ರಜೆಗೆ ಊರಿಗೆ ಹೋದಾಗ ಮತ್ತೆ ಕೇಳಿ.