ಬೇಡ ಎಂದ ರೋಗಿಗೆ ವೈದ್ಯ ಏನು ಮಾಡಬೇಕು?

ರೋಗಿ ಮದ್ದು ಕುಡಿಯುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ಗಾಯ ಕೊಯ್ಯುವುದಕ್ಕೂ ಬಿಡುತ್ತಿಲ್ಲ, ಸುಡುವುದಕ್ಕೂ ಬಿಡುತ್ತಿಲ್ಲ. ವೈದ್ಯ ಹೇಳಿ ಹೇಳಿ ಸೋತಿದ್ದಾನೆ. ಆಗ ವೈದ್ಯನ ಜೊತೆ ಬಂದ ಇನ್ನೊಬ್ಬ, ವೈದ್ಯಕೀಯ ಕಲಿಯದವನು, ಬರೀ ಮಾತಿನಿಂದಲೇ ರೋಗಿಯನ್ನು ಒಪ್ಪಿಸಿಬಿಡುತ್ತಾನೆ. ಸುಮಾರು 2400 ವರ್ಷಗಳ ಹಿಂದೆ ಪ್ಲೇಟೋ ಬರೆದ ಒಂದು ಸಂವಾದದಲ್ಲಿ ಗಾರ್ಜಿಯಸ್ ಎಂಬ ಮಾತುಗಾರ ತನ್ನ ಬಗ್ಗೆ ಹೀಗೆ ಹೆಮ್ಮೆಪಡುತ್ತಾನೆ. ಅವನ ಸೋದರ ವೈದ್ಯ. ಸೋದರನ ಜೊತೆ ರೋಗಿಗಳ ಮನೆಗೆ ಹೋಗಿ ಅನೇಕ ಸಲ ಈ ಕೆಲಸ ಮಾಡಿದ್ದೇನೆ ಅನ್ನುತ್ತಾನೆ.

ಆ ರೋಗಿ ಯಾಕೆ ಬೇಡ ಅಂದ ಎಂದು ಗಾರ್ಜಿಯಸ್ ಎಲ್ಲೂ ಹೇಳುವುದಿಲ್ಲ. ಅರಿವಳಿಕೆ ಇಲ್ಲದ ಕಾಲ ಅದು. ಮೈ ಕೊಯ್ಯುತ್ತೇವೆ, ಕಾಯಿಸಿದ ಕಬ್ಬಿಣದಿಂದ ಸುಡುತ್ತೇವೆ ಅಂದರೆ ಯಾರಿಗಾದರೂ ಭಯ ಆಗುತ್ತದೆ, ಅಲ್ವಾ? ಆದರೂ ಆ ಭಯದ ಬಗ್ಗೆ ಒಂದು ಮಾತೂ ಇಲ್ಲ. ವೈದ್ಯರಿಗೆ ಕೊಟ್ಟ ಹಳೆಯ ಸಲಹೆಗಳನ್ನು ಓದುತ್ತಾ ಹೋದರೆ ಈ ಮೌನ ಮತ್ತೆ ಮತ್ತೆ ಎದುರಾಗುತ್ತದೆ. ರೋಗಿಯನ್ನು ಹೇಗೆ ಒಪ್ಪಿಸುವುದು ಅನ್ನುವುದಕ್ಕೆ ಬೇಕಾದಷ್ಟು ಉಪಾಯಗಳಿವೆ. ಅವನು ಯಾಕೆ ಒಪ್ಪುತ್ತಿಲ್ಲ ಎಂದು ಕೇಳುವ ರೂಢಿ ಬಂದಿದ್ದು ಬಹಳ ತಡವಾಗಿ.

ಗ್ರೀಸಿನ ಹಿಪೊಕ್ರಟಿಸ್ ಪರಂಪರೆಯ ಬರಹಗಳಲ್ಲಿ ಎರಡು ದನಿ ಕೇಳುತ್ತವೆ. ಒಂದು ಕಡೆ, ವೈದ್ಯಕೀಯದಲ್ಲಿ ಮೂರು ಪಾಲುಗಳಿವೆ, ರೋಗ, ರೋಗಿ ಮತ್ತು ವೈದ್ಯ, ರೋಗಿಯೂ ವೈದ್ಯನ ಜೊತೆ ಸೇರಿ ರೋಗದ ವಿರುದ್ಧ ಹೋರಾಡಬೇಕು ಎಂದಿದೆ. ಇನ್ನೊಂದು ಕಡೆ, ರೋಗಿಗಳು ಮದ್ದು ತಗೊಂಡೆವು ಎಂದು ಸುಳ್ಳು ಹೇಳುತ್ತಾರೆ, ಕಣ್ಣಿಟ್ಟಿರಿ ಎಂಬ ಎಚ್ಚರಿಕೆ ಇದೆ. ಚಿಕಿತ್ಸೆ ಮಾಡುವಾಗ ಹೆಚ್ಚಿನ ವಿಷಯಗಳನ್ನು ರೋಗಿಯಿಂದ ಮುಚ್ಚಿಡಿ ಎಂಬ ಸಲಹೆಯೂ ಅಲ್ಲೇ ಇದೆ.

ಪ್ಲೇಟೋ ತನ್ನ ಕೊನೆಯ ವರ್ಷಗಳ ಬರಹದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳುತ್ತಾನೆ. ಗುಲಾಮರಿಗೆ ಮದ್ದು ಕೊಡುವ ವೈದ್ಯ ಕಾರಣ ಕೇಳುವುದಿಲ್ಲ, ಕಾರಣ ಹೇಳುವುದೂ ಇಲ್ಲ, ಅಪ್ಪಣೆ ಕೊಟ್ಟು ಮುಂದಿನವನ ಬಳಿ ಓಡುತ್ತಾನೆ. ಸ್ವತಂತ್ರ ನಾಗರಿಕರ ವೈದ್ಯ ಹಾಗಲ್ಲ. ಅವನು ರೋಗಿಯ ಜೊತೆ, ರೋಗಿಯ ಮನೆಯವರ ಜೊತೆ ಮಾತಾಡುತ್ತಾನೆ, ಅವರಿಂದ ತಾನೂ ಕಲಿಯುತ್ತಾನೆ, ರೋಗಿ ಒಪ್ಪುವ ತನಕ ಏನನ್ನೂ ಕೊಡುವುದಿಲ್ಲ. ಇಷ್ಟು ಹಳೆಯ ಕಾಲದಲ್ಲೇ ಈ ತಿಳಿವಳಿಕೆ ಇತ್ತು ಅನ್ನುವುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಆದರೆ ಅದು ಯಾರಿಗೆ ಸಿಗುತ್ತಿತ್ತು ಎಂದೂ ನೋಡಬೇಕು. ಬೇಡ ಅನ್ನುವ ಅವಕಾಶ ರೋಗಿಯ ಅಂತಸ್ತಿನ ಮೇಲೆ ನಿಂತಿತ್ತು.

ಚರಕ ಸಂಹಿತೆ ಒಳ್ಳೆಯ ರೋಗಿಗೆ ನಾಲ್ಕು ಗುಣ ಹೇಳುತ್ತದೆ. ನೆನಪು, ಹೇಳಿದಂತೆ ನಡೆಯುವುದು, ಧೈರ್ಯ, ತನ್ನ ಕಷ್ಟವನ್ನು ಸರಿಯಾಗಿ ತಿಳಿಸುವುದು. ಅಂದರೆ ಮಾತು ಕೇಳದ ರೋಗಿ ಇಲ್ಲಿಯೂ ಕೊರತೆಯವನೇ. ಆದರೆ ಹೊಟ್ಟೆ ಉಬ್ಬುವ ಉದರ ರೋಗದ ಅಧ್ಯಾಯದಲ್ಲಿ ಒಂದು ಕುತೂಹಲದ ಜಾಗ ಇದೆ. ಬೇರೆ ದಾರಿಗಳೆಲ್ಲ ಮುಗಿದಾಗ ಕೊನೆಯ ಪ್ರಯತ್ನವಾಗಿ ಊಟದಲ್ಲೋ ಪಾನೀಯದಲ್ಲೋ ವಿಷ ಬೆರೆಸಿ ಕೊಡುವ ಚಿಕಿತ್ಸೆ ಅದು. ಅದಕ್ಕೂ ಮೊದಲು ವೈದ್ಯ ನಿಜ ಹೇಳಬೇಕು. ಸುಮ್ಮನಿದ್ದರೆ ಸಾವು ಖಚಿತ, ಚಿಕಿತ್ಸೆ ಮಾಡಿದರೆ ಉಳಿಯುವುದು ಅನುಮಾನ ಎಂದು ತಿಳಿಸಿ ಅನುಮತಿ ಪಡೆಯಬೇಕು. ಯಾರ ಅನುಮತಿ? ನೆಂಟರು, ಗೆಳೆಯರು, ಹೆಂಡತಿ, ಬ್ರಾಹ್ಮಣರು, ರಾಜ, ಗುರುಗಳು. ಪಟ್ಟಿ ಉದ್ದವಾಗಿದೆ. ಅದರಲ್ಲಿ ರೋಗಿ ಇಲ್ಲ. ಸುಶ್ರುತ ಸಂಹಿತೆಯಲ್ಲೂ ಹೀಗೇ. ಮಗು ಹೊಟ್ಟೆಯಲ್ಲೇ ಸಿಕ್ಕಿಕೊಂಡ ಹೆರಿಗೆಯಲ್ಲಿ ಶಸ್ತ್ರ ಬಳಸುವ ಮೊದಲು ಅಧಿಪತಿಯನ್ನು ಕೇಳಬೇಕು ಎಂದಿದೆ. ನೋವು ತಿನ್ನುತ್ತಿರುವ ಹೆಂಗಸಿನ ಮಾತು ಅಲ್ಲಿ ಬರುವುದಿಲ್ಲ.

ಮಾತು ಸೋತಲ್ಲಿ ಉಪಾಯ ಬಂತು. ಪರ್ಷಿಯಾದ ಹೆಸರಾಂತ ವೈದ್ಯ ಇಬ್ನ್ ಸೀನಾ ಬಗ್ಗೆ 12ನೇ ಶತಮಾನದ ಒಂದು ಪರ್ಷಿಯನ್ ಪುಸ್ತಕ ಹೇಳುವ ಕಥೆ ಪ್ರಸಿದ್ಧ. ಒಬ್ಬ ರಾಜಕುಮಾರ ತಾನು ಹಸು ಎಂದು ನಂಬಿದ್ದ. ನನ್ನನ್ನು ಕಡಿದು ಅಡುಗೆ ಮಾಡಿ ಎಂದು ಕೂಗುತ್ತಿದ್ದ. ಊಟ ಬಿಟ್ಟಿದ್ದ, ಮದ್ದೂ ಮುಟ್ಟುತ್ತಿರಲಿಲ್ಲ. ಇಬ್ನ್ ಸೀನಾ ಕಟುಕನ ಹಾಗೆ ಕತ್ತಿ ಹಿಡಿದು ಬಂದ. ಕೈಕಾಲು ಕಟ್ಟಿಸಿ, ಪಕ್ಕೆ ಮುಟ್ಟಿ ನೋಡಿ, ಈ ಹಸು ತುಂಬಾ ಬಡಕಲಾಗಿದೆ, ಮೊದಲು ಮೇಯಿಸಿ ಎಂದ. ರಾಜಕುಮಾರ ತಿನ್ನಲು ಶುರು ಮಾಡಿದ. ಊಟದ ಜೊತೆ ಮದ್ದೂ ಹೊಟ್ಟೆ ಸೇರಿತು, ಕೊನೆಗೆ ಗುಣವಾಯಿತು ಎಂದು ಕಥೆ ಮುಗಿಯುತ್ತದೆ. ಇದರಲ್ಲಿ ಮೋಸ ಇದೆ, ನಿಜ. ಆದರೂ ಆ ವೈದ್ಯ ರೋಗಿಯ ಲೋಕದೊಳಗೆ ಹೋಗಿ ಅವನ ಭಾಷೆಯಲ್ಲೇ ಮಾತಾಡಿದ.

14ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆನ್ರಿ ದ ಮೋಂಡ್‌ವಿಲ್ ಕೊಟ್ಟ ಸಲಹೆ ಬೇರೆ ತರಹದ್ದು. ರೋಗಿಯ ಮನಸ್ಸು ಗಟ್ಟಿಯಾಗಿರಬೇಕಾದರೆ ಸಂಗೀತ ಕೇಳಿಸಿ. ಬೇಕಾದರೆ ಅವನ ಶತ್ರುಗಳು ಸತ್ತರೆಂದು ಸುಳ್ಳು ಪತ್ರವನ್ನೂ ಬರೆದು ತೋರಿಸಿ ಎಂದು ಆತ ಬರೆದ.

ಉಪಾಯ, ಸುಳ್ಳು ಎಲ್ಲ ದಾಟಿ ನೇರ ಅಪ್ಪಣೆಗೆ ಬಂದಿದ್ದು 19ನೇ ಶತಮಾನ. 1847ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತನ್ನ ಮೊದಲ ನೀತಿ ಸಂಹಿತೆ ಹೊರಡಿಸಿತು. ಅದರಲ್ಲಿ ರೋಗಿಯ ಕರ್ತವ್ಯಗಳಿಗೇ ಒಂದು ಭಾಗ ಇತ್ತು. ವೈದ್ಯ ಹೇಳಿದ್ದನ್ನು ರೋಗಿ ತಕ್ಷಣ, ಮರುಮಾತಿಲ್ಲದೆ ಪಾಲಿಸಬೇಕು, ಆ ಚಿಕಿತ್ಸೆ ಸರಿಯೋ ತಪ್ಪೋ ಎಂಬ ತನ್ನ ಒರಟು ಅಭಿಪ್ರಾಯವನ್ನು ನಡುವೆ ತರಬಾರದು ಎಂದು ಬರೆದಿದ್ದರು. ಆಗಿನ ಚಿಕಿತ್ಸೆಗಳು ಎಂಥವು? ರಕ್ತ ಹರಿಸುವುದು, ಪಾದರಸದ ಮದ್ದು, ವಾಂತಿ ಮಾಡಿಸುವುದು. ಬೇಡ ಅಂದ ಎಷ್ಟೋ ರೋಗಿಗಳು ಬಹುಶಃ ತಮ್ಮ ಜೀವವನ್ನೇ ಉಳಿಸಿಕೊಂಡರು.

ಇದಕ್ಕೆ ಮೊದಲ ದೊಡ್ಡ ತಡೆ ಬಂದಿದ್ದು ಕೋರ್ಟಿನಿಂದ. 1905ರಲ್ಲಿ ಅಮೆರಿಕದ ಮಿನೆಸೋಟದ ಒಂದು ಪ್ರಕರಣದಲ್ಲಿ ರೋಗಿ ಒಪ್ಪಿದ್ದು ಬಲಗಿವಿಯ ಆಪರೇಷನ್‌ಗೆ. ಸರ್ಜನ್ ಎಡಗಿವಿ ಹೆಚ್ಚು ಕೆಟ್ಟಿದೆ ಎಂದು ಅದನ್ನು ಕೊಯ್ದರು. ಒಪ್ಪಿಗೆ ಇಲ್ಲದೆ ಕೊಯ್ದರೆ ಅದು ಹಲ್ಲೆಯೇ ಎಂದಿತು ಕೋರ್ಟು. 1914ರಲ್ಲಿ ನ್ಯೂಯಾರ್ಕ್‌ನ ಒಂದು ತೀರ್ಪು ಇನ್ನೂ ಹೆಸರಾಯಿತು. ಮೇರಿ ಶ್ಲೋಯೆನ್‌ಡಾರ್ಫ್ ಎಂಬ ಮಹಿಳೆ ಅರಿವಳಿಕೆ ಕೊಟ್ಟು ಪರೀಕ್ಷೆ ಮಾಡಿ, ಆಪರೇಷನ್ ಮಾತ್ರ ಬೇಡ ಅಂದಿದ್ದರು. ಎಚ್ಚರ ತಪ್ಪಿದಾಗ ಗಡ್ಡೆ ತೆಗೆದರು. ಆಮೇಲೆ ಕೈಗೆ ಗ್ಯಾಂಗ್ರೀನ್ ಆಗಿ ಬೆರಳುಗಳನ್ನು ಕಳೆದುಕೊಂಡೆ ಎಂದು ಅವರು ದೂರಿದರು. ವಯಸ್ಸಿಗೆ ಬಂದ, ಬುದ್ಧಿ ಸರಿಯಿರುವ ಪ್ರತಿಯೊಬ್ಬರಿಗೂ ತಮ್ಮ ದೇಹಕ್ಕೆ ಏನಾಗಬೇಕು ಎಂದು ನಿರ್ಧರಿಸುವ ಹಕ್ಕಿದೆ ಎಂದು ನ್ಯಾಯಮೂರ್ತಿ ಕಾರ್ಡೋಜೊ ಬರೆದರು. ಆದರೆ ಕೇಸು ಆಕೆ ಸೋತರು. ಆಸ್ಪತ್ರೆ ಧರ್ಮಾರ್ಥ ಸಂಸ್ಥೆ, ಹಾಗಾಗಿ ಅದರ ಮೇಲೆ ಹೊಣೆ ಬರುವುದಿಲ್ಲ ಎಂದಾಯಿತು.

ಹರಡುವ ರೋಗದ ವಿಷಯ ಬೇರೆ. ಅಲ್ಲಿ ಒಬ್ಬರ 'ಬೇಡ' ಇನ್ನೊಬ್ಬರ ಜೀವಕ್ಕೆ ತಗಲುತ್ತದೆ. ಇಂಗ್ಲೆಂಡ್ 1853ರಲ್ಲಿ ಮಕ್ಕಳಿಗೆ ಸಿಡುಬಿನ ಲಸಿಕೆ ಕಡ್ಡಾಯ ಮಾಡಿತು. ಜನ ದಶಕಗಟ್ಟಲೆ ವಿರೋಧಿಸಿದ ಮೇಲೆ, 1898ರಲ್ಲಿ, ಮನಸ್ಸಾಕ್ಷಿಯ ಕಾರಣಕ್ಕೆ ಬೇಡ ಅನ್ನುವವರಿಗೆ ವಿನಾಯಿತಿ ಕೊಟ್ಟಿತು. ನ್ಯೂಯಾರ್ಕ್‌ನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಮೇರಿ ಮ್ಯಾಲನ್‌ಗೆ ಅಂಥ ವಿನಾಯಿತಿ ಸಿಗಲಿಲ್ಲ. ಆಕೆಯ ದೇಹದಲ್ಲಿ ಟೈಫಾಯಿಡ್ ರೋಗಾಣು ಇತ್ತು, ಆದರೆ ಆಕೆ ಆರೋಗ್ಯವಾಗಿದ್ದರು. ರೋಗಾಣು ಅಡಗಿರಬಹುದಾದ ಪಿತ್ತಕೋಶ ತೆಗೆಯುತ್ತೇವೆ ಅಂದಾಗ ಒಪ್ಪಲಿಲ್ಲ. ನನಗೆ ಕಾಯಿಲೆಯೇ ಇಲ್ಲ ಅನ್ನುವುದು ಆಕೆಯ ವಾದ. 1907ರಿಂದ 1910ರ ತನಕ ಒಂದು ದ್ವೀಪದಲ್ಲಿ ಇಟ್ಟರು. ಅಡುಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಿಟ್ಟರು. 1915ರಲ್ಲಿ ಮತ್ತೆ ಅಡುಗೆಮನೆಯಲ್ಲೇ ಸಿಕ್ಕಿಬಿದ್ದರು. ಆಮೇಲೆ 1938ರಲ್ಲಿ ಸಾಯುವವರೆಗೂ ದ್ವೀಪದಲ್ಲೇ ಇದ್ದರು. ಅಧಿಕಾರಿಗಳ ಭಯ ಸುಳ್ಳಲ್ಲ. ಆದರೆ ಇಂಥದೇ ರೋಗಾಣು ಇದ್ದ ಬೇರೆಯವರು ಹೊರಗೆ ಓಡಾಡಿಕೊಂಡಿದ್ದರು. ಆಕೆಯ ಬದುಕಿಗೆ ಸರಿಯಾದ ಬೇರೆ ದಾರಿ ಮಾಡಿಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ.

ವೈದ್ಯರ ಕೈಯಿಂದಲೇ ಬಲವಂತ ನಡೆದ ಅಧ್ಯಾಯ ಇನ್ನೂ ಕಹಿ. 1909ರಲ್ಲಿ ಬ್ರಿಟನ್ನಿನ ಜೈಲುಗಳಲ್ಲಿ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರು ಊಟ ಬಿಟ್ಟರು. ಜೈಲಿನ ವೈದ್ಯರು ಅವರನ್ನು ಹಿಡಿಸಿ, ಮೂಗು ಇಲ್ಲವೇ ಬಾಯಿಯಿಂದ ನಳಿಕೆ ಇಳಿಸಿ ಆಹಾರ ಸುರಿದರು. ಹುಚ್ಚಾಸ್ಪತ್ರೆಗಳಲ್ಲಿ ಮೊದಲಿನಿಂದ ಬಳಸುತ್ತಿದ್ದ ವಿಧಾನ ಅದು. ಜೀವ ಉಳಿಸುವುದು ಜೈಲಿನ ಕರ್ತವ್ಯ ಎಂದು ಕೋರ್ಟು ಅದೇ ವರ್ಷ ಒಪ್ಪಿತು. ನೂರಕ್ಕೂ ಹೆಚ್ಚು ವೈದ್ಯರು ಇದನ್ನು ವಿರೋಧಿಸಿ ಪ್ರಧಾನಿಗೆ ಮನವಿ ಕೊಟ್ಟರು. ಆದರೆ ಲೋಕದ ವೈದ್ಯರೆಲ್ಲ ಸೇರಿ ಒಂದು ನಿಯಮ ಮಾಡಲು 1975 ಬರಬೇಕಾಯಿತು. ಪರಿಣಾಮ ಅರಿತು ಊಟ ಬೇಡ ಅನ್ನುವ ಕೈದಿಗೆ ಕೃತಕವಾಗಿ ಆಹಾರ ಕೊಡಬಾರದು ಎಂದು ವರ್ಲ್ಡ್ ಮೆಡಿಕಲ್ ಅಸೋಸಿಯೇಷನ್ ಟೋಕಿಯೋದಲ್ಲಿ ಘೋಷಿಸಿತು.

ರೋಗಿಯ 'ಬೇಡ'ದಿಂದ ವೈದ್ಯಕೀಯಕ್ಕೇ ಲಾಭ ಆಗಿದ್ದೂ ಇದೆ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು 1945ರಿಂದ ಬೇರೆಯವರ ರಕ್ತ ಪಡೆಯುವುದನ್ನು ನಿಷೇಧಿಸಿಕೊಂಡರು. ಮೊದಮೊದಲು ಆಸ್ಪತ್ರೆಗಳು ಕೋರ್ಟಿಗೆ ಹೋಗಿ ಆದೇಶ ತಂದು ರಕ್ತ ಏರಿಸುತ್ತಿದ್ದವು. ಟೆಕ್ಸಾಸ್‌ನ ಹೃದಯ ಸರ್ಜನ್ ಡೆಂಟನ್ ಕೂಲಿ ಬೇರೆ ದಾರಿ ಹುಡುಕಿದರು. ರಕ್ತ ಕೊಡದೆಯೇ ಆಪರೇಷನ್ ಮಾಡಲು ಆಗುತ್ತದಾ ನೋಡೋಣ ಎಂದು ಹೊರಟರು. 1977ರಲ್ಲಿ ಅವರ ತಂಡ ಅಂಥ 542 ಆಪರೇಷನ್‌ಗಳ ವರದಿ ಪ್ರಕಟಿಸಿತು. ರಕ್ತ ಕಡಿಮೆ ಪೋಲಾಗುವಂತೆ ಕೊಯ್ಯುವ ಆ ಜಾಣತನ ಇವತ್ತು ಎಲ್ಲ ರೋಗಿಗಳಿಗೂ ಉಪಯೋಗಕ್ಕೆ ಬರುತ್ತಿದೆ.

ಎಲ್ಲ ಕಥೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. 1973ರಲ್ಲಿ ಟೆಕ್ಸಾಸ್‌ನಲ್ಲಿ ಗ್ಯಾಸ್ ಸ್ಫೋಟದಲ್ಲಿ ಡಾಕ್ಸ್ ಕೊವರ್ಟ್ ಎಂಬ ಯುವಕನ ಮೈಯೆಲ್ಲ ಸುಟ್ಟಿತು. ಚಿಕಿತ್ಸೆ ಬೇಡ, ಸಾಯಲು ಬಿಡಿ ಎಂದು ಆತ ಮತ್ತೆ ಮತ್ತೆ ಕೇಳಿಕೊಂಡ. ವೈದ್ಯರು ಕೇಳಲಿಲ್ಲ. ನೋವಿನ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ಕಣ್ಣು ಹೋಯಿತು, ಬೆರಳುಗಳು ಹೋದವು, ಜೀವ ಉಳಿಯಿತು. ಮುಂದೆ ಆತ ವಕೀಲನಾದ, ಮದುವೆಯಾದ, ಬದುಕಿನಲ್ಲಿ ಸಂತೋಷ ಇದೆ ಎಂದೂ ಹೇಳಿದ. ಆದರೂ ನನ್ನ ಮಾತು ಕೇಳಬೇಕಿತ್ತು ಎಂಬ ನಿಲುವನ್ನು ಬಿಡಲಿಲ್ಲ. ಉಳಿಸಿದ್ದೇ ಸರಿ ಎನ್ನುವವರೂ ಆತನ ಉದಾಹರಣೆ ಕೊಡುತ್ತಾರೆ, ಬಿಡಬೇಕಿತ್ತು ಎನ್ನುವವರೂ ಕೊಡುತ್ತಾರೆ. ನನಗಂತೂ ಆತನ ಮಾತಿಗೇ ಹೆಚ್ಚು ತೂಕ ಇದೆ ಅನ್ನಿಸುತ್ತದೆ. ನೋವು ತಿಂದದ್ದು ಆತನ ಮೈ ತಾನೆ.

ಹಾಗಾದರೆ ಬುದ್ಧಿ ಸ್ಥಿಮಿತ ಇಲ್ಲದವರು ಬೇಡ ಅಂದರೆ? ಇಲ್ಲಿ 1993ರ ಇಂಗ್ಲೆಂಡಿನ ಒಂದು ತೀರ್ಪು ದಾರಿ ತೋರಿಸಿತು. ಸ್ಕಿಜೋಫ್ರೇನಿಯಾ ಇದ್ದ 68 ವರ್ಷದ ಒಬ್ಬರ ಕಾಲಿಗೆ ಗ್ಯಾಂಗ್ರೀನ್ ಆಗಿತ್ತು. ಮೊಣಕಾಲ ಕೆಳಗೆ ಕತ್ತರಿಸದಿದ್ದರೆ ಬದುಕುವ ಸಾಧ್ಯತೆ ಶೇ. 15 ಮಾತ್ರ ಎಂದಿದ್ದರು ಸರ್ಜನ್. ರೋಗಿ ಒಪ್ಪಲಿಲ್ಲ. ತಾನೊಬ್ಬ ದೊಡ್ಡ ವೈದ್ಯನಾಗಿದ್ದೆ ಎಂಬ ಭ್ರಮೆಯೂ ಅವರಿಗಿತ್ತು. ಆದರೆ ಕಾಲಿನ ಸ್ಥಿತಿ ಏನು, ಬಿಟ್ಟರೆ ಏನಾಗಬಹುದು ಎಂಬುದು ಅವರಿಗೆ ಅರ್ಥವಾಗಿತ್ತು. ಮಾನಸಿಕ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಅವರ ಮಾತು ತಳ್ಳಿಹಾಕುವಂತಿಲ್ಲ ಎಂದಿತು ಕೋರ್ಟು. ಕತ್ತರಿಸದೆಯೇ ಚಿಕಿತ್ಸೆ ಮಾಡಿದರು, ಅವರು ಉಳಿದರು. ಈಗ ವೈದ್ಯರು ನೋಡುವುದೂ ಹೆಚ್ಚುಕಡಿಮೆ ಇದನ್ನೇ. ಹೇಳಿದ್ದು ಅರ್ಥ ಆಗಿದೆಯಾ, ಅದು ತನಗೇ ಆಗಿರುವುದು ಎಂದು ಗೊತ್ತಿದೆಯಾ, ಲಾಭ ನಷ್ಟ ತೂಗಿ ನೋಡಬಲ್ಲರಾ, ತಮ್ಮ ತೀರ್ಮಾನ ಹೇಳಬಲ್ಲರಾ.

ಇವತ್ತಿನ ಸಲಹೆ ಪ್ರಶ್ನೆಯಿಂದ ಶುರುವಾಗುತ್ತದೆ. ಯಾಕೆ ಬೇಡ? ಉತ್ತರ ಎಷ್ಟೋ ಸಲ ಸಣ್ಣದೇ ಇರುತ್ತದೆ. ಸೂಜಿಯ ಭಯ, ಖರ್ಚಿನ ಚಿಂತೆ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲದ ಕಷ್ಟ, ಹಿಂದೆ ಯಾರೋ ವೈದ್ಯರು ಗದರಿದ ನೆನಪು. 1983ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತ ಬಿಡಿಸುವ ಕೆಲಸದ ಅನುಭವದಿಂದ ಒಂದು ಮಾತುಕತೆಯ ವಿಧಾನ ಬರೆದರು. ವಾದ ಮಾಡಿದಷ್ಟೂ ರೋಗಿ ತನ್ನ ಪಟ್ಟು ಬಿಗಿ ಮಾಡುತ್ತಾನೆ, ಅವನ ಕಾರಣ ಅವನ ಬಾಯಿಂದಲೇ ಬರಲಿ ಎಂಬುದು ಅದರ ತಿರುಳು. ಒಂದು ಚಿಕಿತ್ಸೆ ಬೇಡ ಅಂದವರು ಎಲ್ಲವನ್ನೂ ಬೇಡ ಅಂದಂತೆ ಅಲ್ಲ. ಆಪರೇಷನ್ ಬೇಡ ಅಂದವರಿಗೂ ನೋವಿನ ಮಾತ್ರೆ ಕೊಡಬೇಕು. ಸಲಹೆ ಮೀರಿ ಮನೆಗೆ ಹೊರಟವರಿಗೆ ಸಹಿ ಹಾಕಿಸಿಕೊಂಡು ಕೈತೊಳೆದುಕೊಳ್ಳುವ ಬದಲು, ಬೇಕಾದ ಔಷಧಿ ಬರೆದುಕೊಡಬೇಕು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂದು ಹೇಳಬೇಕು, ಮುಂದಿನ ಭೇಟಿಯ ದಿನವನ್ನೂ ಗುರುತು ಹಾಕಿ ಕಳಿಸಬೇಕು.